ಚಿನ್ನ ಹತ್ತಿರ ಇದ್ದಷ್ಟೂ ಅಣು ಜಾಸ್ತಿ ಹೊಳೆಯುತ್ತಾ?

ಮೊನ್ನೆ ಉಡುಪಿಯ ಕಾಲೇಜೊಂದರಲ್ಲಿ ಮಾತಾಡಿ ಬಂದೆ. ಮತ್ತೆ ಅದೇ ಪ್ರಶ್ನೆ: "ಸರ್, ಒಂಟಿ ಅಣುವಿನ ಫ್ರೆಟ್ ಸಿಗ್ನಲ್ ತೀರಾ ಮಂಕು ಅಂತೀರಿ. ಚಿನ್ನದ ನ್ಯಾನೊಕಣವನ್ನು ಪಕ್ಕಕ್ಕೇ ಅಂಟಿಸಿಬಿಟ್ಟರೆ ಮುಗೀತಲ್ವಾ?"

ಮುಗಿಯುತ್ತೆ ನಿಜ. ಅಣುವಿನ ಬೆಳಕೇ ಮುಗಿಯುತ್ತೆ.

ಫ್ರೆಟ್ ಅಂದರೆ ಒಂದು ಅಣುವಿನಿಂದ ಪಕ್ಕದ ಅಣುವಿಗೆ ಶಕ್ತಿ ದಾಟುವುದು; ಎಷ್ಟು ದಾಟಿತು ಅಂತ ನೋಡಿ ಎರಡರ ನಡುವಿನ ದೂರ ಅಳೆಯುತ್ತಾರೆ. ಬೆಳಕು ಹೀರಿದ ಡೋನರ್ (ಕೊಡುವ) ಅಣು ತನ್ನ ಶಕ್ತಿಯನ್ನು ಬೆಳಕಾಗಿ ಬಿಡದೆ ಪಕ್ಕದಲ್ಲಿ ಅದನ್ನು ಪಡೆಯುವ ಅಕ್ಸೆಪ್ಟರ್‌ಗೆ ದಾಟಿಸುತ್ತದೆ. ಮಾಮೂಲಿ ಜೋಡಿಗಳಲ್ಲಿ 5-6 ನ್ಯಾನೊಮೀಟರ್ ದೂರಕ್ಕೆ ಅರ್ಧ ಶಕ್ತಿ ದಾಟುತ್ತದೆ. ದೂರ ಅದರ ಎರಡರಷ್ಟಾದರೆ 100ರಲ್ಲಿ ಒಂದೂವರೆ ಪಾಲು ಮಾತ್ರ.

ಈಗ ಆ ಹಠಮಾರಿ ನಂಬಿಕೆ. ಎಲ್ಲರೂ ಚಿನ್ನದ ಕಣವನ್ನು ದೀಪದ ಹಿಂದಿನ ಕನ್ನಡಿ ಅಂದುಕೊಂಡಿದ್ದಾರೆ. ಅದು ಕನ್ನಡಿಯಲ್ಲ ಮಾರಾಯ್ರೆ, ಅಂಟೆನಾ! ಲೇಸರ್ ಬಿದ್ದಾಗ ಅದರ ಎಲೆಕ್ಟ್ರಾನುಗಳು ಒಟ್ಟಾಗಿ ಓಲಾಡುತ್ತವೆ. ಕಣದ ಮೈಗೆ ಹತ್ತಿದ ಸಣ್ಣ ಜಾಗದಲ್ಲಿ ಬೆಳಕಿನ ಬಲ ಏರುತ್ತದೆ. ಅಲ್ಲಿರುವ ಅಣು ಹೆಚ್ಚು ಬೆಳಕು ಹೀರುತ್ತದೆ, ಬೇಗ ಬೇಗ ಬಿಡುತ್ತದೆ. ಇಲ್ಲಿವರೆಗೆ ಲಾಭ. ಇನ್ನೂ ಒತ್ತಿ ಕೂರಿಸಿದಿರೋ, ಶಕ್ತಿಯೆಲ್ಲ ಲೋಹದೊಳಗೆ ಸೋರಿ ಬಿಸಿಯಾಗಿ ಹೋಗುತ್ತದೆ. 2006ರಲ್ಲಿ 80 ನ್ಯಾನೊಮೀಟರಿನ ಚಿನ್ನದ ಗುಂಡನ್ನು ಒಂದೇ ಅಣುವಿನ ಹತ್ತಿರ ಮೆಲ್ಲಗೆ ತಂದು ಅಳೆದು ನೋಡಿದ್ದಾರೆ. ಹೊಳಪು ಏರುತ್ತಾ ಬಂತು, ಕೊನೆಯ ಕೆಲವೇ ನ್ಯಾನೊಮೀಟರಿನಲ್ಲಿ ದಬಕ್ಕನೆ ಬಿತ್ತು. ಗುಡ್ಡ ಹತ್ತಿ ಬಾವಿಗೆ ಬಿದ್ದಂಥ ಆ ಗೆರೆಯನ್ನು ಬೋರ್ಡಿನ ಮೇಲೆ ಎಷ್ಟು ಸಲ ಎಳೆದಿದ್ದೇನೋ! ಅದಕ್ಕೇ ನಡುವೆ ಡಿಎನ್ಎ ತುಂಡನ್ನೋ ಸಿಲಿಕಾ ಪದರವನ್ನೋ ಇಟ್ಟು ಅಂತರ ಕಾಯುವುದು.

ಇನ್ನೊಂದು ಎಡವಟ್ಟಿದೆ. ಹೊಳಪು ಏರಿತು ಅಂದರೆ ಫ್ರೆಟ್ ಏರಿತು ಅಂತಲ್ಲ. ಡೋನರ್ ಅವಸರದಲ್ಲಿ ತಾನೇ ಬೆಳಕು ಬಿಟ್ಟುಬಿಟ್ಟರೆ ದಾಟಿಸಲು ಪುರುಸೊತ್ತೆಲ್ಲಿ? ದಾಟುವ ಪಾಲು ಇಳಿಯಲೂಬಹುದು. ಅದನ್ನು ನೋಡಿ "ಅಣುಗಳು ದೂರ ಸರಿದಿವೆ" ಅಂತ ರೆಕಾರ್ಡಿನಲ್ಲಿ ಬರೆದವರಿದ್ದಾರೆ. ಸರಿದಿರಲಿಲ್ಲ.

ಚಿನ್ನ ಎಷ್ಟು ಬೇಕು ಅಂತ ಮಾತ್ರ ಯಾರೂ ಕೇಳಲಿಲ್ಲ. ನಮ್ಮೂರಲ್ಲಿ ಆಶ್ಚರ್ಯವೇ! ನಾನೇ ಲೆಕ್ಕ ಹಾಕಿದೆ. ಅಂಥ 80 ನ್ಯಾನೊಮೀಟರಿನ ಗುಂಡುಗಳು ಒಂದು ಪವನಿನಲ್ಲಿ ಸುಮಾರು 15 ಕೋಟಿ ಕೋಟಿ ಆಗುತ್ತವೆ. ನೀರಲ್ಲಿ ತೇಲುವಾಗ ಅವು ಹಳದಿಯೂ ಅಲ್ಲ. 20 ನ್ಯಾನೊಮೀಟರಿನ ಕಣಗಳು ಹಸಿರು ಬೆಳಕನ್ನು ಜಾಸ್ತಿ ಹೀರುತ್ತವೆ, ನಮಗೆ ಕಾಣುವುದು ಕೆಂಪು. ಆ ಬಾಟಲಿಯನ್ನು ಒಮ್ಮೆ ಅತ್ತಿಗೆಗೆ ತೋರಿಸಿದ್ದೆ. "ಪುನರ್ಪುಳಿ ಶರಬತ್ತಾ? ಸಕ್ಕರೆ ಹಾಕಿದ್ದೀಯಾ?" ಅಂದರು.