ಡಿಸ್ಚಾರ್ಜ್ ಬುಕ್‌ನಲ್ಲಿ ಹೆಸರು ತಪ್ಪು, ಮೆಡಲ್ ಎಂಟ್ರಿ ಇಲ್ಲ: ಅಫಿಡವಿಟ್ ಮಾಡ್ಸಿದ್ರೆ ಆಯ್ತಾ ಸಾರ್?

ಪ್ರಶ್ನೆ: ಸಾರ್, ನಾನು ಸೇನೆಯ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನಿಂದ ಹವಾಲ್ದಾರ್ ಆಗಿ ಪೆನ್ಷನ್ ಬಂದವನು. ಹೆಂಡ್ತಿ ಹೆಸರು ಆಧಾರ್‌ನಲ್ಲಿ ಒಂದು ಥರ, ಸೇನೆ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಬುಕ್‌ನಲ್ಲಿ ಇನ್ನೊಂದು ಥರ ಇದೆ. ಶ್ರೀಲಂಕಾಗೆ ಹೋಗಿದ್ದೆ, ಅದರ ಮೆಡಲ್ ಬುಕ್‌ನಲ್ಲಿ ಬರೆದೇ ಇಲ್ಲ. ನೋಟರಿ ಹತ್ರ ಅಫಿಡವಿಟ್ ಮಾಡ್ಸಿದ್ದೀನಿ. ಇನ್ನೇನಾದ್ರೂ ಮಾಡ್ಬೇಕಾ?

ಉತ್ತರ: ಮಾಡ್ಬೇಕು. ಇನ್ನೂ ಏನೂ ಶುರುವೇ ಆಗಿಲ್ಲ ಸಾರ್.

ಬೇಜಾರು ಮಾಡ್ಕೋಬೇಡಿ, ಈ ಪ್ರಶ್ನೆ ರೆಜಿಮೆಂಟ್ ಬದಲಾಗಿ ಊರು ಬದಲಾಗಿ ನನಗೆ ಬರ್ತಾನೇ ಇರತ್ತೆ, ಒಬ್ರು ಸಿಗ್ನಲ್ಸ್, ಒಬ್ರು ಎಎಸ್‌ಸಿ, ಒಬ್ರು ಮರಾಠಾ, ಆದ್ರೆ ಕೊನೇ ಸಾಲು ಮಾತ್ರ ಎಲ್ಲರದೂ ಒಂದೇ, "ಅಫಿಡವಿಟ್ ಮಾಡ್ಸಿದ್ದೀನಿ" ಅಂತ. ಮಾಡ್ಸಿ ಬೀರುನಲ್ಲಿ ಇಟ್ಟಿರ್ತಾರೆ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ಡಿಸ್ಚಾರ್ಜ್ ಬುಕ್‌ನಲ್ಲೇ ಪೆನ್ನಲ್ಲಿ ಹೆಸರು ತಿದ್ದಿ ಯಾರೋ ಗೆಜೆಟೆಡ್ ಆಫೀಸರ್ ಹತ್ರ ಸೀಲ್ ಹಾಕ್ಸಿರ್ತಾರೆ. ಅಯ್ಯೋ, ಅದನ್ನ ಮಾತ್ರ ಮಾಡ್ಬೇಡಿ. ಸರಿ ಇದ್ದ ಬುಕ್ಕೂ ಅನುಮಾನಕ್ಕೆ ಬೀಳತ್ತೆ.

ವಿಷಯ ಇಷ್ಟೇ. ನಿಮ್ಮ ಕೈಲಿರೋ ಬುಕ್ ಮೂಲ ದಾಖಲೆ ಅಲ್ಲ. ಮೂಲ ಇರೋದು ನಿಮ್ಮ ರೆಕಾರ್ಡ್ ಆಫೀಸಲ್ಲಿ. ನೀವು ಸರ್ವಿಸಲ್ಲಿ ಇದ್ದಾಗ ಮದುವೆ ಆದ್ರೆ, ಮಗು ಹುಟ್ಟಿದ್ರೆ, ಮೆಡಲ್‌ಗೆ ಅರ್ಹರಾದ್ರೆ ಯೂನಿಟ್‌ನವರು ಪಾರ್ಟ್ ಟೂ ಆರ್ಡರ್ ಹೊರಡಿಸ್ತಿದ್ರಲ್ಲ, ನೆನಪಿದ್ಯಾ? ಆ ಆರ್ಡರ್ ನೋಡ್ಕೊಂಡು ರೆಕಾರ್ಡ್ ಆಫೀಸಿನವರು ನಿಮ್ಮ ಶೀಟ್ ರೋಲ್ ಅನ್ನೋ ಸರ್ವಿಸ್ ದಾಖಲೆಯಲ್ಲಿ ಎಂಟ್ರಿ ಹಾಕ್ತಾರೆ, ನೀವು ಹೊರಗೆ ಬರೋವಾಗ ಅದರಿಂದಲೇ ಡಿಸ್ಚಾರ್ಜ್ ಬುಕ್ ಬರೀತಾರೆ, ಅದರಿಂದಲೇ ಪೆನ್ಷನ್ ಕಾಗದ ಪ್ರಯಾಗ್‌ರಾಜ್‌ನ ಪಿಸಿಡಿಎ ಅನ್ನೋ ಪೆನ್ಷನ್ ಲೆಕ್ಕಪತ್ರದ ಆಫೀಸಿಗೆ ಹೋಗತ್ತೆ, ಅಲ್ಲಿಂದ ಪಿಪಿಓ ಅಂದ್ರೆ ಪೆನ್ಷನ್ ಆದೇಶ ಬರತ್ತೆ, ಆ ಪಿಪಿಓನೇ ಈಗ ಸ್ಪರ್ಶ್ ಅನ್ನೋ ಆನ್‌ಲೈನ್ ಪೆನ್ಷನ್ ಪೋರ್ಟಲ್‌ನಲ್ಲಿ ಕೂತಿದೆ. ಮೇಲೆ ಒಂದು ಅಕ್ಷರ ತಪ್ಪಿದ್ರೆ ಕೆಳಗೆ ಎಲ್ಲಾ ಕಡೆ ಅದೇ ತಪ್ಪು. ಕೆಳಗೆ ಎಷ್ಟು ತಿದ್ದಿದ್ರೂ ಮೇಲಕ್ಕೆ ಹತ್ತಲ್ಲ. ಪಹಣಿ ಜೆರಾಕ್ಸ್ ಮೇಲೆ ಪೆನ್ನಲ್ಲಿ ಹೆಸರು ತಿದ್ದಿದ್ರೆ ಜಮೀನು ನಿಮ್ಮ ಹೆಸರಿಗೆ ಆಗ್ಬಿಡತ್ತಾ?

ಹಾಗಾದ್ರೆ ಅಫಿಡವಿಟ್ ಯಾಕೆ ಅಂತೀರಾ. ಅದು ನೀವು ಪ್ರಮಾಣ ಮಾಡಿ ಹೇಳಿರೋ ಮಾತು, ಅಷ್ಟೇ. "ಜಯಮ್ಮ ಮತ್ತು ಜಯಾ ದೇವಿ ಇಬ್ಬರೂ ಒಬ್ಬಳೇ, ನನ್ನ ಹೆಂಡತಿ" ಅಂತ ನೀವು ಹೇಳ್ತಿದ್ದೀರಿ. ಆ ಮಾತನ್ನ ಒಪ್ಕೊಂಡು ಹೊಸ ಪಾರ್ಟ್ ಟೂ ಆರ್ಡರ್ ಹೊರಡಿಸೋ ಅಧಿಕಾರ ರೆಕಾರ್ಡ್ ಆಫೀಸಿಗಿದೆ, ನೋಟರಿಗಿಲ್ಲ. ಬ್ಯಾಂಕ್ ಮ್ಯಾನೇಜರ್‌ಗೂ ಇಲ್ಲ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೂ ಇಲ್ಲ, ಅವ್ರು ನಿಮ್ಮ ಅರ್ಜಿನ ಪರಿಶೀಲಿಸಿ ಸೀಲ್ ಹಾಕಿ ಕಳಿಸಿಕೊಡ್ತಾರೆ, ಒಳ್ಳೇ ಸಹಾಯ ಅದು, ಆದ್ರೆ ತಿದ್ದೋದು ಅವ್ರಲ್ಲ. ಅಲ್ಲಿ ಹೋಗಿ ಜಗಳ ಆಡಿ ಬರೋರು ಬೇಕಾದಷ್ಟು ಜನ ಇದ್ದಾರೆ, ಪಾಪ ಆ ಕಚೇರಿಯವ್ರು ಏನು ಮಾಡ್ತಾರೆ.

ಇನ್ನೂ ನಂಬಿಕೆ ಬರದೇ ಇದ್ರೆ ಜನರಲ್ ವಿ.ಕೆ. ಸಿಂಗ್ ಅವರ ಕೇಸ್ ನೆನಪು ಮಾಡ್ಕೊಳ್ಳಿ. ಸಾಕ್ಷಾತ್ ಭೂಸೇನೆಯ ಮುಖ್ಯಸ್ಥರು. ಅವರ ಮೆಟ್ರಿಕ್ ಸರ್ಟಿಫಿಕೇಟಲ್ಲಿ ಹುಟ್ಟಿದ ದಿನ 10 ಮೇ 1951, ಎನ್‌ಡಿಎ ಅಂದ್ರೆ ಸೇನಾ ತರಬೇತಿ ಅಕಾಡೆಮಿಗೆ ಸೇರೋವಾಗ ತುಂಬಿದ ಯುಪಿಎಸ್‌ಸಿ ಫಾರ್ಮಲ್ಲಿ 1950. ದಾಖಲೆ ನೋಡ್ಕೊಳ್ಳೋ ಅಡ್ಜುಟೆಂಟ್ ಜನರಲ್ ಬ್ರಾಂಚ್ 1951 ಅಂತ ಇಟ್ಕೊಂಡಿತ್ತು, ಪ್ರಮೋಷನ್ ನೋಡ್ಕೊಳ್ಳೋ ಮಿಲಿಟರಿ ಸೆಕ್ರೆಟರಿ ಬ್ರಾಂಚ್ 1950 ಅಂತ ಇಟ್ಕೊಂಡಿತ್ತು, ವರ್ಷಗಟ್ಲೆ ಎರಡೂ ಹಾಗೇ ನಡೀತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ರು, ಫೆಬ್ರವರಿ 10ಕ್ಕೆ ಅರ್ಜಿ ವಾಪಸ್ ತಗೊಂಡ್ರು, ಮೇ 31ಕ್ಕೆ 1950ರ ಲೆಕ್ಕದಲ್ಲೇ ರಿಟೈರ್ ಆದ್ರು. ಕೈಯಲ್ಲಿ ಮೆಟ್ರಿಕ್ ಸರ್ಟಿಫಿಕೇಟ್ ಇದ್ದ ಚೀಫ್ ಸಾಹೇಬ್ರ ಕಥೆನೇ ಹೀಗೆ, ನಮ್ಮ ತಾಲೂಕು ಕೋರ್ಟ್ ಮುಂದಿನ ನೋಟರಿ ಸೀಲ್ ಯಾವ ಲೆಕ್ಕ ಹೇಳಿ.

ಹುಟ್ಟಿದ ದಿನಾಂಕದ ಮಾತು ಬಂತಲ್ಲ, ಅದನ್ನೂ ಹೇಳ್ಬಿಡ್ತೀನಿ. ಭರ್ತಿ ಆದಾಗ ಬರೆಸಿದ ದಿನಾಂಕವೇ ಸೇನೆಗೆ ಸತ್ಯ. ಪೆನ್ಷನ್ ಬಂದಮೇಲೆ "ಆಧಾರ್‌ನಲ್ಲಿ ಬೇರೆ ಇದೆ, ಸೇನೆ ದಾಖಲೆ ಬದಲಾಯಿಸಿ" ಅಂದ್ರೆ ನಡೆಯಲ್ಲ. ಆಧಾರ್ ಗುರುತಿನ ಚೀಟಿ, ಹುಟ್ಟಿದ ದಿನಾಂಕಕ್ಕೆ ಪುರಾವೆ ಅಲ್ಲ ಅಂತ ಆಧಾರ್ ಪ್ರಾಧಿಕಾರದವ್ರೇ 2023ರಲ್ಲಿ ಹೇಳಿದ್ದಾರೆ. ಸೇನೆ ದಾಖಲೆ ಹಿಡ್ಕೊಂಡು ಹೋಗಿ ಆಧಾರ್ ತಿದ್ದಿಸ್ಕೊಳ್ಳಿ. ಕೆಲಸ ಉಲ್ಟಾ ಮಾಡೋದು ನಮ್ಮ ಜನಕ್ಕೆ ಅದ್ಯಾಕೋ ಇಷ್ಟ.

ಹೆಸರಿನ ತಪ್ಪು ಹಾಗಲ್ಲ, ಅದು ತಿದ್ದುವಂಥ ತಪ್ಪೇ. ನಮ್ಮ ಹೆಸರುಗಳು ಅಲ್ಲಿ ಹೇಗೆ ಕೆಡ್ತಿದ್ವು ಅಂತ ಗೊತ್ತಲ್ಲ, ಉತ್ತರ ಭಾರತದ ಕ್ಲರ್ಕ್ ಕಿವಿಗೆ ಬಿದ್ದಂಗೆ ಬರೆದ, ಇನಿಷಿಯಲ್ ಏನು ಅಂದ್ರೆ ಅರ್ಥ ಆಗ್ಲಿಲ್ಲ, ಊರಿನ ಹೆಸರನ್ನ ಸರ್‌ನೇಮ್ ಮಾಡಿದ, ಕೊಡಗಿನವ್ರದಾದ್ರೆ ಮೊದಲು ಬರೋ ಮನೆ ಹೆಸರನ್ನ ಹಿಂದಕ್ಕೆ ಹಾಕಿದ, ಅಮ್ಮ ಅಂತ ಇದ್ದಿದ್ದು ದೇವಿ ಆಯ್ತು, ಬಾಯಿ ಆಯ್ತು. ರಜೆಯಿಂದ ಬಂದು ಮದುವೆ ಆಯ್ತು ಸಾಬ್ ಅಂತ ಹೇಳಿದಾಗ ನಾವೂ ಬರೆದದ್ದನ್ನ ಓದಿ ನೋಡ್ಲಿಲ್ಲ, ಸೈನ್ ಹಾಕಿ ಬಂದ್ವಿ.

ಈಗ ಮಾಡ್ಬೇಕಾದ್ದು. ಮೊದಲು ನಿಮ್ಮ ರೆಕಾರ್ಡ್ ಆಫೀಸ್ ಯಾವುದು ನೋಡ್ಕೊಳ್ಳಿ. ಎಂಇಜಿ ಅಂದ್ರೆ ನಿಮ್ಮ ಮದ್ರಾಸ್ ಸ್ಯಾಪರ್ಸ್ ಆದ್ರೆ ಬೆಂಗಳೂರಲ್ಲೇ, ಎಎಸ್‌ಸಿ ಸೌತ್ (ಸರಬರಾಜು ದಳ) ಮತ್ತು ಸಿಎಂಪಿ (ಮಿಲಿಟರಿ ಪೊಲೀಸ್) ಕೂಡ ಬೆಂಗಳೂರು. ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ವೆಲ್ಲಿಂಗ್ಟನ್, ಆರ್ಟಿಲರಿ ನಾಸಿಕ್ ರೋಡ್, ಇಎಂಇ (ಯಂತ್ರ, ವಾಹನ ರಿಪೇರಿ ದಳ) ಸಿಕಂದರಾಬಾದ್, ಸಿಗ್ನಲ್ಸ್ ಜಬಲ್ಪುರ. ಏರ್‌ಫೋರ್ಸ್‌ನವ್ರು ದೆಹಲಿ ಸುಬ್ರೊತೊ ಪಾರ್ಕ್, ನೇವಿಯ ಸೈಲರ್‌ಗಳು ಮುಂಬೈ ಮಾನ್‌ಖುರ್ದ್‌ನ ಬ್ಯೂರೋ ಆಫ್ ಸೈಲರ್ಸ್. ಅಲ್ಲಿಗೆ ನಿಮ್ಮ ಆರ್ಮಿ ನಂಬರ್, ರ‍್ಯಾಂಕ್, ಹೆಸರು ಮೇಲೆ ಬರೆದು ಅರ್ಜಿ, ಜೊತೆಗೆ ಡಿಸ್ಚಾರ್ಜ್ ಬುಕ್ ಮತ್ತು ಪಿಪಿಓ ಕಾಪಿ, ಇಬ್ಬರ ಆಧಾರ್ ಮತ್ತು ಪ್ಯಾನ್, ಜಾಯಿಂಟ್ ಫೋಟೋ, ಆಮೇಲೆ ಅಫಿಡವಿಟ್. ಈ ಅಫಿಡವಿಟ್ಟಲ್ಲೂ ಒಂದು ಪೇಚಿದೆ, ಹೆಚ್ಚಿನ ರೆಕಾರ್ಡ್ ಆಫೀಸಿನವ್ರು ಕೇಳೋದು ಫಸ್ಟ್ ಕ್ಲಾಸ್ ಮ್ಯಾಜಿಸ್ಟ್ರೇಟ್ ಮುಂದೆ ಸೈನ್ ಮಾಡಿದ್ದು, ನೋಟರಿದು ವಾಪಸ್ ಬರತ್ತೆ. ಪೇಪರ್ ಜಾಹೀರಾತೂ ಕೇಳ್ಬಹುದು, ಒಂದು ಇಂಗ್ಲಿಷ್ ಒಂದು ಕನ್ನಡ. ಅದಕ್ಕೇ ಮೊದಲು ಏನೇನು ಬೇಕು ಅಂತ ಅವ್ರನ್ನೇ ಕೇಳಿ, ಆಮೇಲೆ ದುಡ್ಡು ಖರ್ಚು ಮಾಡಿ. ಸೈನಿಕ ಕಲ್ಯಾಣ ಕಚೇರಿ ಮೂಲಕ ಕಳಿಸಿದ್ರೆ ಒಳ್ಳೇದು. ನೀವೇ ಕಳಿಸೋದಾದ್ರೆ ಸ್ಪೀಡ್ ಪೋಸ್ಟಲ್ಲಿ ಕಳಿಸಿ, ರಸೀದಿ ಇಟ್ಕೊಳ್ಳಿ.

ಪಾರ್ಟ್ ಟೂ ಆರ್ಡರ್ ಆದಮೇಲೂ ಸುಮ್ನೆ ಕೂರ್ಬೇಡಿ, ತಿದ್ದುಪಡಿ ಪಿಪಿಓ ಅಂದ್ರೆ ಕಾರಿಜೆಂಡಮ್ ಬಂತಾ, ಸ್ಪರ್ಶ್ ಪ್ರೊಫೈಲಲ್ಲಿ ಹೆಂಡ್ತಿ ಹೆಸರು ಬದಲಾಯ್ತಾ ಅಂತ ಕಣ್ಣಾರೆ ನೋಡಿ. ನಿಮಗಿಂತ ಮೊದಲು ಇದು ಬೇಕಾಗೋದು ಅವ್ರಿಗೆ. ಗಂಡ ಇರೋವಾಗ ಒಂದು ಅರ್ಜಿ ಒಂದು ಸೈನ್‌ನಲ್ಲಿ ಮುಗಿಯೋ ಕೆಲಸ, ಗಂಡ ಹೋದಮೇಲೆ ಆ ತಾಯಿ ತಾನು ಆತನ ಹೆಂಡ್ತಿನೇ ಅಂತ ಆಫೀಸಿಂದ ಆಫೀಸಿಗೆ ಸಾಬೀತು ಮಾಡ್ಕೊಂಡು ತಿರುಗ್ಬೇಕು, ಫ್ಯಾಮಿಲಿ ಪೆನ್ಷನ್ ಅಲ್ಲೀವರೆಗೆ ನಿಂತಿರತ್ತೆ. ಇದನ್ನ ಯಾರೂ ಮುಂದಕ್ಕೆ ಹಾಕ್ಬೇಡಿ, ಕೈ ಮುಗಿದು ಹೇಳ್ತೀನಿ.

ಇನ್ನು ಮೆಡಲ್. ಇಲ್ಲಿ ಎರಡು ಜಾತಿ ಇದೆ, ಎರಡನ್ನೂ ಕಲಸಬೇಡಿ. ಒಂದು, ಇಂಥ ಜಾಗದಲ್ಲಿ ಇಷ್ಟು ದಿನ ಇದ್ದೆ ಅಥವಾ ಇಷ್ಟು ವರ್ಷ ಸರ್ವಿಸ್ ಮಾಡ್ದೆ ಅಂತ ಬರೋದು, 9 ವರ್ಷ, 20 ವರ್ಷದ ಲಾಂಗ್ ಸರ್ವಿಸ್ ಮೆಡಲ್‌ಗಳು, 1971ರ ಸಂಗ್ರಾಮ್ ಮೆಡಲ್, ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಕಾರ್ಗಿಲ್‌ನ ಆಪ್ ವಿಜಯ್ ಎಲ್ಲಾ ಈ ಸಾಲು. ನಿಮ್ಮ ಶ್ರೀಲಂಕಾದ್ದು ಸ್ಪೆಷಲ್ ಸರ್ವಿಸ್ ಮೆಡಲ್, ರಿಬ್ಬನ್ ಮೇಲೆ ಶ್ರೀಲಂಕಾ ಅಂತ ಕ್ಲಾಸ್ಪ್ ಅನ್ನೋ ಪಟ್ಟಿ ಇರತ್ತೆ, 1987ರ ಜುಲೈಯಿಂದ 1990ರ ಮಾರ್ಚ್‌ವರೆಗೆ ನಮ್ಮ ಶಾಂತಿಪಾಲನಾ ಪಡೆ (ಐಪಿಕೆಎಫ್) ಅಲ್ಲಿದ್ದ ಕಾಲಕ್ಕೆ. ಇದು ಯಾರ ದಯೆನೂ ಅಲ್ಲ, ಅರ್ಹತೆ ಇದ್ರೆ ನಿಮ್ಮ ಹಕ್ಕು. ಬುಕ್‌ನಲ್ಲಿ ಇಲ್ಲ ಅಂದ್ರೆ ಒಂದೋ ಯೂನಿಟ್ ಆರ್ಡರ್ ಹೊರಡಿಸಲಿಲ್ಲ, ಇಲ್ಲಾ ನೀವು ಪೋಸ್ಟಿಂಗ್ ಮೇಲೆ ಹೊರಟಾಗ ಮಧ್ಯೆ ಎಲ್ಲೋ ಕಳೆದುಹೋಯ್ತು. ಯಾವ ಯೂನಿಟ್, ಯಾವ ತಿಂಗಳಿಂದ ಯಾವ ತಿಂಗಳು ಅಂತ ಬರೆದು ಅದೇ ರೆಕಾರ್ಡ್ ಆಫೀಸಿಗೆ ಹಾಕಿ, ಜೊತೆಗಿದ್ದವ್ರ ಬುಕ್‌ನಲ್ಲಿ ಅದೇ ಮೆಡಲ್ ಎಂಟ್ರಿ ಇದ್ರೆ ಅದರ ಕಾಪಿ ಇಟ್ರೆ ಹುಡುಕೋರಿಗೆ ಸುಲಭ. ಎಂಟ್ರಿ ಆಯ್ತು ಅಂದ್ರೆ ಮೆಡಲ್ ನಾಳೆನೇ ಪೋಸ್ಟಲ್ಲಿ ಬರತ್ತೆ ಅಂತ ಮಾತ್ರ ಕಾಯ್ಬೇಡಿ, ಅದು ಕೋಲ್ಕತ್ತಾ ಟಂಕಸಾಲೆಯಲ್ಲಿ ಅಚ್ಚಾಗಿ ಬರ್ಬೇಕು, ತಡ ಆಗತ್ತೆ. ಎಂಟ್ರಿ ಮುಖ್ಯ.

ಇನ್ನೊಂದು ಶೌರ್ಯ ಪ್ರಶಸ್ತಿ. ವೀರ ಚಕ್ರ, ಸೇನಾ ಮೆಡಲ್, ಮೆನ್ಷನ್ ಇನ್ ಡಿಸ್ಪ್ಯಾಚಸ್ ಇವು. "ನಮ್ಮ ಕಮಾಂಡಿಂಗ್ ಆಫೀಸರ್ ಸಾಬ್ ನನ್ನ ಹೆಸರು ಕಳಿಸಿದ್ರು, ಮೇಲೆ ತಡೆದುಬಿಟ್ರು, ಈಗ ಕೊಡಿಸಿ" ಅಂತ ಕೇಳೋರಿದ್ದಾರೆ. ಹೆಸರು ಕಳಿಸಿದ್ದು ಬೇರೆ, ಕೊಟ್ಟಿದ್ದು ಬೇರೆ. ಕೊಟ್ಟಿದ್ರೆ ಭಾರತದ ಗೆಜೆಟ್‌ನಲ್ಲಿ ಬಂದಿರತ್ತೆ. ಗೆಜೆಟ್‌ನಲ್ಲಿದ್ದು ಬುಕ್‌ನಲ್ಲಿ ಇಲ್ಲ ಅಂದ್ರೆ ಅದು ರೆಕಾರ್ಡ್ ತಪ್ಪು, ತಿದ್ದಲೇಬೇಕು. ಗೆಜೆಟ್‌ನಲ್ಲೇ ಇಲ್ಲ ಅಂದ್ರೆ ತಿದ್ದೋಕೆ ಅಲ್ಲಿ ಏನೂ ಇಲ್ಲ, ಯಾವ ರೆಕಾರ್ಡ್ ಆಫೀಸೂ ಪ್ರಶಸ್ತಿ ಹುಟ್ಟಿಸಲ್ಲ. ಕಹಿ ಮಾತು, ಗೊತ್ತು.

ಉತ್ತರನೇ ಬರ್ಲಿಲ್ಲ ಅಂದ್ರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ, "ನನ್ನ ಶೀಟ್ ರೋಲ್ ಮತ್ತು ನನ್ನ ಮದುವೆಯ, ಮೆಡಲ್‌ನ ಪಾರ್ಟ್ ಟೂ ಆರ್ಡರ್ ಕಾಪಿ ಕೊಡಿ" ಅಂತ ಕೇಳಿ. ಯಾಕೆ ತಿದ್ದಿಲ್ಲ ಅಂತ ವಾದ ಮಾಡ್ಬೇಡಿ, ಕಾಪಿ ಕೇಳಿ. ಕಾಪಿ ಕೈಗೆ ಬಂದ್ರೆ ತಪ್ಪು ಎಲ್ಲಿ ಹುಟ್ಟಿತು ಅಂತ ನಿಮಗೇ ಕಾಣತ್ತೆ. ಅರ್ಜಿ ತಿರಸ್ಕಾರ ಆಗಿ ಲಿಖಿತ ಉತ್ತರ ಬಂದ್ರೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್ ಇದೆ, 2007ರ ಕಾಯ್ದೆ ಪ್ರಕಾರ ಬಂದದ್ದು, ಕರ್ನಾಟಕದವ್ರಿಗೆ ಕೊಚ್ಚಿ ಬೆಂಚ್. ಉತ್ತರ ಬಂದ ಆರು ತಿಂಗಳೊಳಗೆ ಹೋಗ್ಬೇಕು, ತಡ ಆದ್ರೆ ಸರಿಯಾದ ಕಾರಣ ಕೊಡ್ಬೇಕು. ಸೀದಾ ಅಲ್ಲಿಗೇ ಓಡ್ಬೇಡಿ, ಮೊದಲು ಇಲಾಖೆಗೆ ಅರ್ಜಿ ಹಾಕಿದ್ರಾ ಅಂತಲೇ ಕೇಳ್ತಾರೆ.

ಪೆನ್ಷನ್ ಇಲ್ಲದೆ ಮಧ್ಯದಲ್ಲಿ ಬಿಟ್ಟು ಬಂದವ್ರು ಮಾತ್ರ ಸ್ವಲ್ಪ ಬೇಗ ಎದ್ದೇಳಿ. ಅಂಥವರ ಸರ್ವಿಸ್ ಕಾಗದಗಳನ್ನ 25 ವರ್ಷ ಇಟ್ಟು ಆಮೇಲೆ ನಾಶ ಮಾಡ್ತಾರೆ, ಆರ್ಮಿ ರೆಗ್ಯುಲೇಷನ್‌ನಲ್ಲೇ ಹಾಗಿದೆ. ಆಮೇಲೆ ಉಳಿಯೋದು ಲಾಂಗ್ ರೋಲ್ ಅನ್ನೋ ರಿಜಿಸ್ಟರ್‌ನಲ್ಲಿ ಕೆಲವೇ ವಿವರ. ಅವ್ರಿಗೆ ಮನೇಲಿರೋ ಡಿಸ್ಚಾರ್ಜ್ ಬುಕ್ಕೇ ದೊಡ್ಡ ಆಸ್ತಿ. ಮೂಲ ಅಲ್ಲ ಅಂತ ಮೇಲೆ ನಾನೇ ಹೇಳಿದ್ದು ನಿಜ, ಆದ್ರೆ ಮೂಲನೇ ಸುಟ್ಟುಹಾಕಿದ ಮೇಲೆ ಇನ್ನೇನಿರತ್ತೆ ಹೇಳಿ.

ಇದನ್ನ ಬರೀತಾ ಇರೋವಾಗಲೇ ಇನ್ನೊಂದು ನೆನಪಾಯ್ತು, ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಅಜ್ಜನ ಟ್ರಂಕಲ್ಲಿ ಹಳೇ ಮೆಡಲ್ ಇದ್ರೆ ಮೊದಲು ಅದರ ಅಂಚು ನೋಡಿ, ಸ್ಟಾರ್ ಆಕಾರದ್ದಾದ್ರೆ ಹಿಂಭಾಗ ನೋಡಿ. ಎರಡನೇ ಮಹಾಯುದ್ಧದ ಸ್ಟಾರ್‌ಗಳನ್ನ ಬ್ರಿಟಿಷ್ ಸಿಪಾಯಿಗಳಿಗೆ ಹೆಸರು ಹಾಕದೇ ಕೊಟ್ಟಿದ್ರು, ಭಾರತದ ಸಿಪಾಯಿಗಳದಕ್ಕೆ ಹೆಸರು ಕೆತ್ತಿ ಕೊಟ್ಟಿದ್ರು. ನಂಬರ್, ರ‍್ಯಾಂಕ್, ಹೆಸರು, ಪಲ್ಟನ್ ಎಲ್ಲಾ ಅಲ್ಲೇ ಇರತ್ತೆ, ಆ ನಂಬರ್ ಇಲ್ಲದೆ ಯಾವ ಆಫೀಸೂ ಏನೂ ಹುಡುಕಲ್ಲ. ದಯವಿಟ್ಟು ಬ್ರಾಸೋ ಹಾಕಿ ಫಳಫಳ ಉಜ್ಜಬೇಡಿ, ಅಕ್ಷರ ಸವೆದುಹೋಗತ್ತೆ. ನಂಬರ್ ಸಿಕ್ಕಮೇಲೆ ಪಲ್ಟನ್ ನೋಡಿ, ಸ್ಯಾಪರ್ಸ್ ಮರಾಠಾ ಮದ್ರಾಸ್ ಆದ್ರೆ ಅದೇ ಸೆಂಟರ್‌ಗಳು ಈಗಲೂ ಇವೆ, ಬರೆದು ಕೇಳಬಹುದು. ಕೆಲವು ರೆಜಿಮೆಂಟ್ 1947ರಲ್ಲಿ ಪಾಕಿಸ್ತಾನದ ಪಾಲಾದ್ವು, ಬಲೂಚ್ ರೆಜಿಮೆಂಟ್ ಥರದ್ದು, ಅಲ್ಲಿಗೆ ದಾರಿ ಮುಚ್ಚಿತು ಅಂತ್ಲೇ ಅನ್ಕೊಳ್ಳಿ.

ಅಜ್ಜ ಮೈಸೂರು ಲ್ಯಾನ್ಸರ್ಸ್ ಅಥವಾ ಮೈಸೂರು ಇನ್‌ಫೆಂಟ್ರಿ ಅಂದ್ರೆ ಲೆಕ್ಕನೇ ಬೇರೆ. ಅದು ಮಹಾರಾಜರ ಸೈನ್ಯ. 1918ರಲ್ಲಿ ಈಗಿನ ಇಸ್ರೇಲ್‌ನ ಹೈಫಾದಲ್ಲಿ ಜೋಧಪುರ್ ಲ್ಯಾನ್ಸರ್ಸ್ ಜೊತೆ ಕುದುರೆ ಮೇಲೆ ನುಗ್ಗಿದ್ದು ಅವ್ರೇ, ಮುಂದೆ 1942ರಲ್ಲಿ ಮೈಸೂರು ಇನ್‌ಫೆಂಟ್ರಿಯ ಒಂದು ಪಲ್ಟನ್ ಸಿಂಗಾಪುರದಲ್ಲಿ ಜಪಾನಿಯರ ಕೈಗೆ ಸೆರೆ ಸಿಕ್ಕಿತ್ತು. ಆ ಕಾಲದ ಸಂಸ್ಥಾನದ ಕಡತಗಳಿಗೆ ದೆಹಲಿಗೆ ಬರೀಬೇಡಿ, ಮೊದಲು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೇಳಿ. ಹೋಗೋವಾಗ ಅಜ್ಜನ ಹೆಸರೊಂದನ್ನೇ ಹಿಡ್ಕೊಂಡು ಹೋಗ್ಬೇಡಿ, ಅಂದಾಜು ಇಸವಿ ಮತ್ತು ಪಲ್ಟನ್ ಬರ್ಕೊಂಡು ಹೋಗಿ. ಬರೀ ನಂಜಪ್ಪ ಅಂದ್ರೆ ಅವ್ರು ಎಲ್ಲಿಂದ ಹುಡುಕ್ತಾರೆ.