ಕೆಂಪೋ ಹಸಿರೋ: ಪುಟ್ಟ ಪಿಸ್ತೂಲಿಗೆ ಡಾಟ್ ಸೈಟ್ ಆರಿಸುವ ಮುನ್ನ

ಪಿಸ್ತೂಲಿನ ಮೇಲೆ ಕೂರಿಸಿ, ಗಾಜಿನಲ್ಲಿ ಹೊಳೆಯುವ ಚುಕ್ಕೆಯನ್ನು ಗುರಿಯ ಮೇಲಿಟ್ಟು ಹೊಡೆಯಲು ಬಳಸುವ ಸಾಧನವೇ ಡಾಟ್ ಸೈಟ್. ಅದನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು ಚುಕ್ಕೆಯ ಬಣ್ಣವನ್ನು. ಕೆಂಪು ತಗೊಳ್ಳಲೋ, ಹಸಿರೋ? ಅಂಗಡಿಯವರು ತಮ್ಮಲ್ಲಿ ಯಾವುದು ಜಾಸ್ತಿ ಉಳಿದಿದೆಯೋ ಅದನ್ನೇ ಹೊಗಳುತ್ತಾರೆ. ಇದಕ್ಕೆ ಸರಿಯಾದ ಉತ್ತರ ಇರುವುದು ನಿಮ್ಮ ಕಣ್ಣಿನ ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ. ಆದರೆ ಬಣ್ಣದ ಬಗ್ಗೆ ತಿಂಗಳುಗಟ್ಟಲೆ ಯೋಚಿಸಿ, ಕೊನೆಗೆ ಸ್ಲೈಡಿನ (ಗುಂಡು ಹಾರಿದಾಗ ಹಿಂದಕ್ಕೆ ಓಡುವ ಪಿಸ್ತೂಲಿನ ಮೇಲ್ಭಾಗ) ಮೇಲೆ ಕೂರದ ಸೈಟ್ ತಂದುಕೊಳ್ಳುವವರೂ ಕಡಿಮೆಯಿಲ್ಲ. ಹಾಗಾಗಿ ಕೂರುವ ವಿಚಾರ ಮೊದಲು, ಬಣ್ಣ ಆಮೇಲೆ.

ಇಲ್ಲಿ ಹೇಳುತ್ತಿರುವುದೆಲ್ಲ ಅಮೆರಿಕದಲ್ಲಿ ಸಿಗುವ 9 ಎಂಎಂ ಪುಟ್ಟ ಪಿಸ್ತೂಲುಗಳ ಬಗ್ಗೆ: ಗ್ಲಾಕ್ 43ಎಕ್ಸ್ ಎಂಒಎಸ್, ಸಿಗ್ ಪಿ365ಎಕ್ಸ್, ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್ ಒಎಸ್‌ಪಿ, ಇವಕ್ಕಿಂತ ಒಂದು ಸುತ್ತು ದೊಡ್ಡದಾದ ಗ್ಲಾಕ್ 19 ಎಂಒಎಸ್. ಇವೆಲ್ಲ ಸೈಟ್ ಕೂರಿಸಲು ಸ್ಲೈಡನ್ನು ಕಾರ್ಖಾನೆಯಲ್ಲೇ ಕೊರೆದು ಬರುವ ಪಿಸ್ತೂಲುಗಳು. ಹಾಗೆ ಕೊರೆದ ಜಾಗದ ಅಳತೆ, ಸ್ಕ್ರೂ ತೂತು, ಗೂಟಗಳ ವಿನ್ಯಾಸಕ್ಕೆ ಫುಟ್‌ಪ್ರಿಂಟ್ ಎನ್ನುತ್ತಾರೆ. ತೆಳು ಸ್ಲೈಡಿನ ಪಿಸ್ತೂಲುಗಳಲ್ಲಿ ಹೆಚ್ಚಾಗಿ ಇರುವುದು ಶೀಲ್ಡ್ ಕಂಪನಿಯ ಆರ್‌ಎಂಎಸ್‌ಸಿ ಫುಟ್‌ಪ್ರಿಂಟ್. ಹೊಲೊಸನ್‌ನ 407ಕೆ, 507ಕೆ, ಇಪಿಎಸ್ ಕ್ಯಾರಿ ಸೈಟುಗಳು ಅದಕ್ಕೆ ತೀರ ಹತ್ತಿರದವು, ಆದರೆ ಪೂರ್ತಿ ಅದೇ ಅಲ್ಲ. ಹಿಂಬದಿಯ ಗೂಟಗಳಿಗೆ ಬೇಕಾದ ಕುಳಿ ಇವುಗಳ ಅಡಿಯಲ್ಲಿಲ್ಲ. 43ಎಕ್ಸ್ ಮೇಲೆ ಕೂರಿಸಬೇಕಾದರೆ ಒಂದೋ ಹಿಂದಿನ ಗೂಟಗಳನ್ನು ಅರದಿಂದ ಉಜ್ಜಿ ತೆಗೆಯಬೇಕು, ಇಲ್ಲವೇ ನಡುವೆ ತೆಳುವಾದ ಅಡಾಪ್ಟರ್ ಪ್ಲೇಟ್ ಹಾಕಬೇಕು. ಉಜ್ಜಿದ ಗೂಟ ಮತ್ತೆ ಬೆಳೆಯುವುದಿಲ್ಲ. ಮುಂದೆ ಸೈಟ್ ಬದಲಿಸುವ ಯೋಚನೆ ಇದ್ದವರಿಗೆ ಪ್ಲೇಟೇ ವಾಸಿ.

ಗ್ಲಾಕ್ 19 ಎಂಒಎಸ್ ಜೊತೆ ಬರುವ ಪ್ಲೇಟುಗಳಲ್ಲಿ ಟ್ರಿಜಿಕಾನ್ ಆರ್‌ಎಂಆರ್ ಫುಟ್‌ಪ್ರಿಂಟಿನದೂ ಇರುತ್ತದೆ. ಹೊಲೊಸನ್ 407ಸಿ, 507ಸಿ ಕೂಡ ಅದರ ಮೇಲೆಯೇ ಕೂರುತ್ತವೆ. ಏಮ್‌ಪಾಯಿಂಟ್ ಆಕ್ರೊದ್ದು ಬೇರೆ, ಹೊಲೊಸನ್ 509ಟಿಯದ್ದು ಇನ್ನೂ ಬೇರೆ. ಆರ್‌ಎಂಆರ್ ಅಗಲದ ಸೈಟನ್ನು 43ಎಕ್ಸ್‌ನಂಥ ತೆಳು ಸ್ಲೈಡಿಗೆ ಪ್ಲೇಟು ಹಾಕಿ ಏರಿಸಿದರೆ ಎರಡೂ ಬದಿ ಹೊರಚಾಚುತ್ತದೆ, ಎತ್ತರವೂ ಆಗುತ್ತದೆ. ಸೊಂಟದಲ್ಲಿ ಬಚ್ಚಿಟ್ಟುಕೊಳ್ಳಲೆಂದೇ ಕೊಂಡ ತೆಳು ಪಿಸ್ತೂಲಿಗೆ ಇದು ಅರ್ಥವಿಲ್ಲದ ಕೆಲಸ.

ಆಮೇಲೆ ತೆರೆದದ್ದೋ ಮುಚ್ಚಿದ್ದೋ ಎನ್ನುವ ಪ್ರಶ್ನೆ. ಆರ್‌ಎಂಆರ್, 507ಕೆಯಂಥ ಸೈಟುಗಳಲ್ಲಿ ಎಲ್‌ಇಡಿ ಹಿಂದೆ ತೆರೆದುಕೊಂಡಿರುತ್ತದೆ, ಮುಂದೆ ಒಂದೇ ಗಾಜು. ಬಟ್ಟೆಯ ನೂಲು, ಬೆವರು, ಮಳೆಹನಿ ಎಲ್‌ಇಡಿಯ ಮೇಲೆ ಕೂತರೆ ಚುಕ್ಕೆ ಮಸುಕಾಗುತ್ತದೆ, ಕೆಲವೊಮ್ಮೆ ಒಂದರ ಬದಲು ನಾಲ್ಕು ಕಾಣುತ್ತದೆ. ಆಕ್ರೊ ಪಿ-2, ಸ್ಟೈನರ್ ಎಂಪಿಎಸ್, ಇಪಿಎಸ್ ಕ್ಯಾರಿಗಳಲ್ಲಿ ಎಲ್‌ಇಡಿ ಎರಡು ಗಾಜಿನ ನಡುವೆ ಮುಚ್ಚಿದ ಪೆಟ್ಟಿಗೆಯೊಳಗಿರುತ್ತದೆ. ಹೊರಗಾಜು ಒರೆಸಿದರೆ ಮುಗಿಯಿತು. ದಿನವಿಡೀ ಅಂಗಿಯ ಒಳಗೆ ಒಯ್ಯುವವರಿಗೆ ಮುಚ್ಚಿದ್ದು ಒಳ್ಳೆಯದು; ರೇಂಜಿಗೆ (ಗುಂಡು ಹೊಡೆಯುವ ಅಭ್ಯಾಸದ ಜಾಗಕ್ಕೆ) ಮಾತ್ರ ಒಯ್ಯುವವರಿಗೆ ಆ ಹೆಚ್ಚುವರಿ ದುಡ್ಡು ಬೇಕಿಲ್ಲ. ತೂಕವನ್ನೂ ನೋಡಿ: ಆರ್‌ಎಂಆರ್ ಸುಮಾರು 34 ಗ್ರಾಂ, ಆಕ್ರೊ ಪಿ-2 ಸುಮಾರು 60 ಗ್ರಾಂ. ಚಿಕ್ಕ ಸ್ಲೈಡಿನ ಮೇಲೆ ಇಷ್ಟು ತೂಕ ಏರಿದರೆ ಅದು ಹಿಂದಕ್ಕೆ ಓಡುವ ವೇಗ ತಗ್ಗುತ್ತದೆ. ಕಡಿಮೆ ಶಕ್ತಿಯ ಅಗ್ಗದ ಪ್ರಾಕ್ಟೀಸ್ ಗುಂಡು ಹಾಕಿದಾಗ ಖಾಲಿ ಕೋಶ ಹೊರಬೀಳದೆ ಸಿಕ್ಕಿಕೊಂಡರೆ ಮೊದಲು ಇದನ್ನು ಅನುಮಾನಿಸಿ.

ಈಗ ಬಣ್ಣ.

ಈ ಸೈಟುಗಳ ಕೆಂಪು ಎಲ್‌ಇಡಿಯ ತರಂಗಾಂತರ 650 ನ್ಯಾನೊಮೀಟರ್ ಆಸುಪಾಸು, ಹಸಿರಿನದು 540 ಆಸುಪಾಸು. ಹಗಲು ಬೆಳಕಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿರುವುದು 555ರ ಬಳಿ. ಲೆಕ್ಕ ಹಾಕಿದರೆ ಅಷ್ಟೇ ಶಕ್ತಿಯ ಬೆಳಕು 540ರಲ್ಲಿ, 650ಕ್ಕಿಂತ ಒಂಬತ್ತು ಪಟ್ಟು ಪ್ರಖರವಾಗಿ ಕಾಣುತ್ತದೆ. ಹಸಿರು ಚುಕ್ಕೆ ಬಿಸಿಲಿನಲ್ಲಿ ಎದ್ದು ಕಾಣುತ್ತದೆ ಎನ್ನುವುದಕ್ಕೆ ಕಾರಣ ಇದು. ಹಾಗೆಂದು ಬ್ಯಾಟರಿ ಒಂಬತ್ತು ಪಟ್ಟು ಬಾಳುವುದಿಲ್ಲ. ಹಸಿರು ಎಲ್‌ಇಡಿ ಹೊತ್ತಲು ಹೆಚ್ಚು ವೋಲ್ಟೇಜ್ ಬೇಕು, ವಿದ್ಯುತ್ತನ್ನು ಬೆಳಕಾಗಿಸುವುದರಲ್ಲಿ ಅದು ಕೆಂಪಿನಷ್ಟು ಸಮರ್ಥವೂ ಅಲ್ಲ.

ಕತ್ತಲಲ್ಲಿ ಲೆಕ್ಕ ತಲೆಕೆಳಗು. ಇರುಳಿನ ಕಣ್ಣು 507 ನ್ಯಾನೊಮೀಟರ್ ಕಡೆಗೆ ವಾಲುತ್ತದೆ. ಹಸಿರು ಚುಕ್ಕೆಯ ಬೆಳಕು ಒಂದು ಮೆಟ್ಟಿಲು ಹೆಚ್ಚಾದರೂ ಸುತ್ತ ಪ್ರಭೆ ಹರಡಿ ಗುರಿಯನ್ನೇ ನುಂಗುತ್ತದೆ. ಕೆಂಪು ಅಷ್ಟು ಕಾಡುವುದಿಲ್ಲ. ಹಸಿರು ಕೊಳ್ಳುವವರು ಅತಿ ಕೆಳಗಿನ ಮೆಟ್ಟಿಲುಗಳು ಎಷ್ಟು ಮಂದವಾಗುತ್ತವೆ ಎಂದು ಕತ್ತಲ ಕೋಣೆಯಲ್ಲಿ ನೋಡಿಯೇ ಕೊಳ್ಳಬೇಕು.

ಇನ್ನೊಂದು ವಿಷಯವನ್ನು ಮಾರುವವರು ಹೇಳುವುದೇ ಇಲ್ಲ. ಕಣ್ಣಿನ ಮಸೂರ ಎಲ್ಲ ಬಣ್ಣವನ್ನೂ ಒಂದೇ ಜಾಗದಲ್ಲಿ ಕೂಡಿಸುವುದಿಲ್ಲ. ಈ ಕೆಂಪಿಗೂ ಈ ಹಸಿರಿಗೂ ಸುಮಾರು ಅರ್ಧ ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ವ್ಯತ್ಯಾಸವಿದೆ, ಕೆಂಪು ಹಿಂದಕ್ಕೆ ಬೀಳುತ್ತದೆ. ಕನ್ನಡಕದ ಅಂಗಡಿಯಲ್ಲಿ ಅರ್ಧ ಕೆಂಪು, ಅರ್ಧ ಹಸಿರು ಹಿನ್ನೆಲೆಯ ಅಕ್ಷರ ತೋರಿಸಿ ‘ಯಾವ ಕಡೆಯದು ಕಪ್ಪಗೆ, ಚೊಕ್ಕವಾಗಿ ಕಾಣುತ್ತದೆ’ ಎಂದು ಕೇಳುವುದು ಇದೇ ಕಾರಣಕ್ಕೆ. ದೂರದೃಷ್ಟಿ ಮಂಜಾಗಿರುವ, ಅಂದರೆ ಮೈನಸ್ ನಂಬರಿನ ಕಣ್ಣಿಗೆ ಕನ್ನಡಕದ ನಂಬರು ಸ್ವಲ್ಪ ಕಡಿಮೆ ಬಿದ್ದಿದ್ದರೆ ಕೆಂಪು ಚುಕ್ಕೆ ಚೊಕ್ಕವಾಗಿ ಕಾಣುತ್ತದೆ, ಹಸಿರು ಅರಳಿದಂತೆ ಕಾಣುತ್ತದೆ. ಸರಿಪಡಿಸದ ಪ್ಲಸ್ ನಂಬರಿದ್ದರೆ ಇದರ ಉಲ್ಟಾ. ‘ಹಸಿರು ನನಗೆ ಚೊಕ್ಕ, ಅವನಿಗೆ ಯಾಕೆ ಮಸುಕು’ ಎನ್ನುವ ವಾದಗಳಲ್ಲಿ ಅರ್ಧಕ್ಕರ್ಧ ಕನ್ನಡಕದ ನಂಬರಿನ ಜಗಳ.

ಚುಕ್ಕೆಯ ಬೆಳಕು ಅನಂತ ದೂರದಿಂದ ಬಂದಂತೆ ಸಮಾನಾಂತರವಾಗಿ ಬರುತ್ತದೆ, ಹಾಗಾಗಿ ಬೇಕಾದದ್ದು ದೂರದ ನಂಬರು. ನಲವತ್ತು ದಾಟಿದವರಿಗೆ ಪಿಸ್ತೂಲಿನ ಮುಂದಿನ ಕಬ್ಬಿಣದ ಸೈಟ್ ಮಸುಕಾಗುತ್ತದೆ, ಡಾಟ್ ಆಗುವುದಿಲ್ಲ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಹಾಕಿದವರು ಮಾತ್ರ ತಲೆ ಹಿಂದಕ್ಕೆ ಎತ್ತಿ ಕೆಳಗಿನ ಓದುವ ಭಾಗದಿಂದ ನೋಡಿದರೆ ಯಾವ ಬಣ್ಣವಾದರೂ ಮಂಜೇ.

ಚೀಟಿಯಲ್ಲಿ ಸಿಲಿಂಡರ್ ಎಂಬ ಕಾಲಮಿನಲ್ಲಿ ಸಂಖ್ಯೆ ಇದ್ದರೆ ನಿಮಗೆ ಅಸ್ಟಿಗ್ಮ್ಯಾಟಿಸಂ ಇದೆ, ಅಂದರೆ ಕಣ್ಣು ಎಲ್ಲ ದಿಕ್ಕಿನಲ್ಲೂ ಬೆಳಕನ್ನು ಒಂದೇ ಸಮ ಬಾಗಿಸುವುದಿಲ್ಲ. ಆಗ ಚುಕ್ಕೆ ದುಂಡಗೆ ಕಾಣದೆ ಅಲ್ಪವಿರಾಮದಂತೆಯೋ ಎರಡು ಚುಕ್ಕೆಯಂತೆಯೋ ಚದುರಿದ ಕಿರಣಗಳಂತೆಯೋ ಕಾಣುತ್ತದೆ. ಬಹಳ ಜನ ಸೈಟ್ ಕೆಟ್ಟಿದೆ ಎಂದು ವಾಪಸ್ ಕಳಿಸುವುದು ಇದಕ್ಕೇ. ಪರೀಕ್ಷೆ ಸುಲಭ. ಸೈಟನ್ನು ಬಿಡಿಯಾಗಿ ಕೈಯಲ್ಲಿ ಹಿಡಿದು ಗೋಡೆ ನೋಡುತ್ತಾ ನಿಧಾನ ತಿರುಗಿಸಿ. ಚುಕ್ಕೆಯ ಬಾಲ ಸೈಟಿನ ಜೊತೆ ತಿರುಗಿದರೆ ದೋಷ ಸೈಟಿನದು ಅಥವಾ ಅದರ ಮೇಲಿನ ಕೊಳೆಯದು. ಬಾಲ ಇದ್ದ ದಿಕ್ಕಿನಲ್ಲೇ ನಿಂತರೆ ದೋಷ ಕಣ್ಣಿನದು. ಫೋನ್ ಕ್ಯಾಮೆರಾದಲ್ಲಿ ಗಾಜಿನ ಮೂಲಕ ಒಂದು ಫೋಟೋ ತೆಗೆದರೂ ತಿಳಿಯುತ್ತದೆ. ಸರಿಯಾದ ಸಿಲಿಂಡರ್ ನಂಬರಿನ ಕನ್ನಡಕ ಅಥವಾ ಟೋರಿಕ್ ಕಾಂಟ್ಯಾಕ್ಟ್ ಲೆನ್ಸ್ ಇದಕ್ಕೆ ಮದ್ದು. ಹಸಿರು ಕೊಂಡರೆ ಅಸ್ಟಿಗ್ಮ್ಯಾಟಿಸಂ ಹೋಗುತ್ತದೆ ಎನ್ನುವುದು ಸುಳ್ಳು. ಕೆಲವರಿಗೆ ಕಡಿಮೆ ಚದುರುತ್ತದೆ, ಕೆಲವರಿಗೆ ಇಲ್ಲ.

ಬಣ್ಣಗುರುಡು ಇದ್ದವರಿಗೆ ವಿಷಯ ಇನ್ನೂ ನೇರ. ಕೆಂಪನ್ನು ಗ್ರಹಿಸುವ ಕೋಶದಲ್ಲಿ ಕೊರತೆಯಿರುವ ಪ್ರೋಟಾನ್ (protan) ಬಗೆಯವರಿಗೆ 650ರ ಕೆಂಪು ತೀರ ಮಂಕು. ಅವರು ಯೋಚಿಸದೆ ಹಸಿರು ಕೊಳ್ಳಬಹುದು.

ಹಿನ್ನೆಲೆಯನ್ನೂ ಮರೆಯಬೇಡಿ. ಬೇಸಿಗೆಯ ಹುಲ್ಲು, ಎಲೆಗಳ ಎದುರು ಹಸಿರು ಚುಕ್ಕೆ ಕರಗುತ್ತದೆ. ಇಟ್ಟಿಗೆ ಗೋಡೆ, ಶರತ್ಕಾಲದ ಮೇಪಲ್ ಎಲೆಗಳ ಎದುರು ಕೆಂಪು ಕರಗುತ್ತದೆ. ನಡುವೆ ಕೆಂಪು ಬಿಂದುವಿರುವ ಟಾರ್ಗೆಟ್ ಕಾಗದದ ಮೇಲೆ ಕೆಂಪು ಚುಕ್ಕೆಯನ್ನೂ, ಗುಂಡು ಬಿದ್ದಲ್ಲಿ ತಿಳಿಹಸಿರು ಹೊಳೆಯುವ ಕಾಗದದ ಮೇಲೆ ಹಸಿರು ಚುಕ್ಕೆಯನ್ನೂ ಹುಡುಕಿ ಸುಸ್ತಾಗುವವರನ್ನು ಯಾವ ರೇಂಜಿನಲ್ಲಾದರೂ ನೋಡಬಹುದು. ಅಲ್ಲಿ ಬದಲಿಸಬೇಕಾದ್ದು ಕಾಗದ.

ಒಟ್ಟಿನಲ್ಲಿ ಕಣ್ಣು ಸಾಮಾನ್ಯವಾಗಿದ್ದು ರಾತ್ರಿ ಬಳಕೆಯೂ ಇದ್ದರೆ ನಮ್ಮ ಮತ ಕೆಂಪಿಗೆ. ಬಿಸಿಲಿನ ರೇಂಜೇ ಹೆಚ್ಚಾದರೆ, ಅಥವಾ ಕೆಂಪು ಮಂಕಾಗಿ ಕಾಣುವ ಕಣ್ಣಾದರೆ ಹಸಿರಿಗೆ. ಎರಡನ್ನೂ ಒಂದೇ ಗೋಡೆಯ ಎದುರು, ನಿಮ್ಮದೇ ಕನ್ನಡಕ ಹಾಕಿ ನೋಡದೆ ದುಡ್ಡು ಕೊಡಬೇಡಿ.

ಚುಕ್ಕೆಯ ಗಾತ್ರ ಎಂಒಎ (ಮಿನಿಟ್ ಆಫ್ ಆಂಗಲ್, ಕೋನದ ಅಳತೆ) ಲೆಕ್ಕದಲ್ಲಿ ಇರುತ್ತದೆ. 1 ಎಂಒಎ ಎಂದರೆ 100 ಗಜದಲ್ಲಿ 1.047 ಇಂಚು. 25 ಗಜದಲ್ಲಿ 2 ಎಂಒಎ ಚುಕ್ಕೆ 13 ಮಿ.ಮೀ. ಜಾಗ ಮುಚ್ಚುತ್ತದೆ, 6 ಎಂಒಎ 40 ಮಿ.ಮೀ. ಪುಟ್ಟ ಪಿಸ್ತೂಲನ್ನು ಬಳಸುವುದು ಹೆಚ್ಚಾಗಿ 25 ಗಜದ ಒಳಗೇ. ಅಷ್ಟು ಹತ್ತಿರಕ್ಕೆ 6 ಎಂಒಎ ಬೇಗ ಕಣ್ಣಿಗೆ ಬೀಳುತ್ತದೆ. ಅಸ್ಟಿಗ್ಮ್ಯಾಟಿಸಂ ಇದ್ದವರಿಗಂತೂ ದೊಡ್ಡ ಚುಕ್ಕೆಯನ್ನು ಮಂದವಾಗಿ ಇಟ್ಟುಕೊಳ್ಳುವುದು, ಸಣ್ಣ ಚುಕ್ಕೆಯನ್ನು ಪ್ರಖರ ಮಾಡಿ ಅರಳಿಸಿಕೊಳ್ಳುವುದಕ್ಕಿಂತ ಎಷ್ಟೋ ಮೇಲು. 507ಕೆಯಲ್ಲಿ 2 ಎಂಒಎ ಚುಕ್ಕೆಯ ಜೊತೆ 32 ಎಂಒಎ ಬಳೆಯೂ ಸಿಗುತ್ತದೆ. ಹೊಸಬರು ಪಿಸ್ತೂಲು ಎತ್ತಿದಾಗ ಚುಕ್ಕೆ ಕಾಣದೆ ತಡಕಾಡುವುದು ಸಾಮಾನ್ಯ. ಬಳೆಯ ಅಂಚು ಕಂಡರೆ ಚುಕ್ಕೆ ಯಾವ ಕಡೆಗಿದೆ ಎಂದು ತಿಳಿಯುತ್ತದೆ.

ಬೆಳಕನ್ನು ತಾನೇ ಹೊಂದಿಸಿಕೊಳ್ಳುವ ಸೈಟುಗಳಿಗೆ ಒಂದು ಕುಂದಿದೆ. ಸೆನ್ಸರ್ ನೋಡುವುದು ನೀವು ನಿಂತ ಜಾಗದ ಬೆಳಕನ್ನು. ಕತ್ತಲ ಹಜಾರದಲ್ಲಿ ನಿಂತು ಬಿಸಿಲಿನ ಅಂಗಳ ನೋಡಿದರೆ, ಅಥವಾ ಪಿಸ್ತೂಲಿನ ಟಾರ್ಚ್ ಬಿಳಿ ಗೋಡೆಗೆ ಹೊಡೆದರೆ ಚುಕ್ಕೆ ಅಳಿಸಿಹೋಗುತ್ತದೆ. ಬಟನ್ ಇರುವುದನ್ನೇ ಕೊಳ್ಳಿ. ಟಾರ್ಚ್ ಬೆಳಕು ಬಿದ್ದ ಬಿಳಿ ಗೋಡೆಯ ಮೇಲೆ ಚುಕ್ಕೆ ಕಾಣುವಷ್ಟಕ್ಕೆ ಹೊಂದಿಸಿ ಬಿಟ್ಟುಬಿಡಿ. ಅಲುಗಿದರೆ ತಾನೇ ಹೊತ್ತಿಕೊಳ್ಳುವ ಸೌಲಭ್ಯ ಇರಲಿ.

ಕೂರಿಸುವಾಗ ಮೊದಲು ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ತೂತು, ಸ್ಕ್ರೂ ಎರಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಎಣ್ಣೆ ಹೋಗುವಂತೆ ತೊಳೆಯಿರಿ. ಅಂಟು ಹಾಕದೆ ಒಮ್ಮೆ ಒಣದಾಗಿ ಕೂರಿಸಿ ನೋಡಿ, ಸೈಟ್ ಅಲುಗಬಾರದು, ಅಡಿಯಲ್ಲಿ ಸಂದು ಕಾಣಬಾರದು. ಗ್ಲಾಕ್‌ನಲ್ಲಿ ಬಲಗಡೆಯ ಸ್ಕ್ರೂ ತೂತಿನ ಕೆಳಗೇ ಎಕ್ಸ್‌ಟ್ರಾಕ್ಟರ್ ಪ್ಲಂಜರ್ (ಖಾಲಿ ಕೋಶವನ್ನು ಎಳೆಯುವ ಕೊಕ್ಕೆಯನ್ನು ಒತ್ತಿ ಹಿಡಿಯುವ ಕಡ್ಡಿ) ಓಡುವ ನಾಳವಿದೆ. ಸ್ಕ್ರೂ ಕೂದಲಷ್ಟು ಉದ್ದವಾದರೂ ಪ್ಲಂಜರನ್ನು ಒತ್ತಿ ಹಿಡಿಯುತ್ತದೆ, ಆಮೇಲೆ ಖಾಲಿ ಕೋಶ ಸರಿಯಾಗಿ ಹೊರಬರುವುದಿಲ್ಲ. ಆ ಸೈಟಿಗೂ ಆ ಪಿಸ್ತೂಲಿಗೂ ಎಂದೇ ಕೊಟ್ಟ ಸ್ಕ್ರೂ ಬಿಟ್ಟು ಬೇರೆ ಹಾಕಬೇಡಿ. ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್, ಒಂದು ಸಣ್ಣ ಹನಿ ಸಾಕು, ಕೆಂಪು ಬೇಡ. ಬಿಗಿತ ಕೈಪಿಡಿಯಲ್ಲಿ ಹೇಳಿದಷ್ಟೇ. ಆರ್‌ಎಂಆರ್‌ಗೆ 12 ಇಂಚು-ಪೌಂಡು, ಅಂದರೆ ಸುಮಾರು 1.36 ನ್ಯೂಟನ್ ಮೀಟರ್. ಕೈ ಅಂದಾಜಿನಲ್ಲಿ ಬಿಗಿದರೆ ಒಂದೋ ಸಡಿಲ, ಇಲ್ಲವೇ ತಲೆ ಮುರಿದ ಸ್ಕ್ರೂ. ಸ್ಕ್ರೂ ತಲೆಯಿಂದ ಸೈಟಿನ ಮೈವರೆಗೆ ಪೇಂಟ್ ಪೆನ್ನಿನಿಂದ ಗೆರೆ ಎಳೆದು, ಒಂದು ದಿನ ಹಾಗೇ ಬಿಡಿ. ಮುಂದೆ ಆ ಗೆರೆ ತುಂಡಾಗಿ ಕಂಡರೆ ಸ್ಕ್ರೂ ತಿರುಗಿದೆ ಎಂದರ್ಥ.

ಸೈಟನ್ನು ಹೊಂದಿಸುವುದು ಎಷ್ಟು ದೂರಕ್ಕೆ? ಚುಕ್ಕೆ ನಳಿಗೆಗಿಂತ ಸುಮಾರು 0.9 ಇಂಚು ಮೇಲಿದೆ, ಗುಂಡಿನ ವೇಗ ಸೆಕೆಂಡಿಗೆ 1150 ಅಡಿ ಎಂದಿಟ್ಟುಕೊಂಡರೆ, 25 ಗಜಕ್ಕೆ ಹೊಂದಿಸಿದ ಪಿಸ್ತೂಲು 10 ಗಜದಲ್ಲಿ ಮೂರನೇ ಒಂದು ಇಂಚು ಕೆಳಗೆ, 5 ಗಜದಲ್ಲಿ ಅರ್ಧ ಇಂಚಿಗೆ ತುಸು ಹೆಚ್ಚು ಕೆಳಗೆ ಹೊಡೆಯುತ್ತದೆ. 10 ಗಜಕ್ಕೆ ಹೊಂದಿಸಿದರೆ 25ರಲ್ಲಿ ಮುಕ್ಕಾಲು ಇಂಚಿಗಿಂತ ತುಸು ಮೇಲೆ ಬೀಳುತ್ತದೆ. ಮರಳಿನ ಚೀಲದ ಮೇಲೆ ಕೈ ಊರಿ, ಮೊದಲು 10 ಗಜದಲ್ಲಿ ಒರಟಾಗಿ ಹೊಂದಿಸಿ, ಆಮೇಲೆ 25ಕ್ಕೆ ಹೋಗಿ. ಪ್ರತಿ ಸಲ ಐದು ಗುಂಡು ಹೊಡೆದು ಗುಂಪಿನ ನಡುವನ್ನು ಅಳೆಯಿರಿ. ಒಂದೊಂದು ಗುಂಡಿಗೂ ಸ್ಕ್ರೂ ತಿರುಗಿಸುವವರು ಸಂಜೆಯವರೆಗೂ ತಿರುಗಿಸುತ್ತಲೇ ಇರುತ್ತಾರೆ. ಒಂದು ಕ್ಲಿಕ್ 1 ಎಂಒಎ ಆದರೆ 10 ಗಜದಲ್ಲಿ 2.7 ಮಿ.ಮೀ., 25ರಲ್ಲಿ 6.6 ಮಿ.ಮೀ. ಸರಿಯುತ್ತದೆ. ಗುಂಪು 10 ಗಜದಲ್ಲಿ 27 ಮಿ.ಮೀ. ಕೆಳಗಿದ್ದರೆ ಹತ್ತು ಕ್ಲಿಕ್ ಮೇಲೆ.

ಗಾಜನ್ನು ಲೆನ್ಸ್ ಬಟ್ಟೆಯಿಂದ ಮಾತ್ರ ಒರೆಸಿ, ನಳಿಗೆ ತೊಳೆಯುವ ದ್ರಾವಣ ತಾಗಿದರೆ ಲೇಪನ ಏಳುತ್ತದೆ. ಬ್ಯಾಟರಿಗೆ 50,000 ಗಂಟೆ ಎಂದು ಬರೆದಿದ್ದರೂ ಅದು ಮಧ್ಯಮ ಬೆಳಕಿನ ಲೆಕ್ಕ, ವರ್ಷಕ್ಕೊಮ್ಮೆ ಬದಲಿಸಿ. ಆರ್‌ಎಂಆರ್ ಟೈಪ್ 2ರಂತೆ ಬ್ಯಾಟರಿ ಅಡಿಯಲ್ಲಿರುವ ಸೈಟಾದರೆ ಬಿಚ್ಚಿ ಕೂರಿಸಬೇಕು, ಪ್ರತಿ ಸಲವೂ ರೇಂಜಿನಲ್ಲಿ ಮತ್ತೆ ಪರೀಕ್ಷಿಸಬೇಕು.

ಅಮೆರಿಕದಲ್ಲಿರುವ ನಮ್ಮವರಿಗೆ ಎರಡು ಮಾತು. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿ ಇರುವವರು ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳ ಹೊರತು ಬಂದೂಕು, ಗುಂಡು ಇಟ್ಟುಕೊಳ್ಳುವುದು ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಅಪರಾಧ; ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧವಿಲ್ಲ. ಹಾಗೆಯೇ ಊರಿಗೆ ಬರುವಾಗ ಗೆಳೆಯನಿಗೆಂದು ಒಂದು ಸೈಟನ್ನು ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ. ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯ 0ಎ504ರಲ್ಲಿ ರೆಡ್ ಡಾಟ್ ಸೈಟುಗಳ ಹೆಸರೇ ಇದೆ. ಗೆಳೆಯ ಬೆಂಗಳೂರಿನ ರೇಂಜಿನಲ್ಲಿ 10 ಮೀಟರ್ ಏರ್ ಪಿಸ್ತೂಲು ಹೊಡೆಯುವವನಾದರೆ ಅವನಿಗೆ ಅದು ಉಪಯೋಗಕ್ಕೂ ಬಾರದು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮದಂತೆ ಪಿಸ್ತೂಲು ಸ್ಪರ್ಧೆಗಳಲ್ಲಿ ಡಾಟ್ ಇಲ್ಲದ ತೆರೆದ ಸಾದಾ ಸೈಟಿಗೆ ಮಾತ್ರ ಅವಕಾಶ.