ನಿರೋಧಕ ಸರಿ, ಯಾವ ರೋಗಕ್ಕೆ?

ತೊಗರಿ ಬಿತ್ತನೆಗೆ ಮುನ್ನ ನನ್ನನ್ನು ಕಾಣಲು ಬರುವ ಕಲಬುರಗಿ ಸುತ್ತಲಿನ ರೈತರಲ್ಲಿ ಹೆಚ್ಚಿನವರು ಕೇಳುವುದು, ರೋಗ ಬರದಂಥ, ಇಳುವರಿಯೂ ಚೆನ್ನಾಗಿರುವ ತಳಿ ಯಾವುದು ಎಂದು. ಯಾವ ರೋಗ ಎಂದು ನಾನು ತಿರುಗಿ ಕೇಳಿದರೆ, ತಳಿ ಸಂವರ್ಧಕನಿಗೆ ಅಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡುತ್ತಾರೆ.

ಹಿಂದೊಮ್ಮೆ ಡಿಸೆಂಬರಿನಲ್ಲಿ ಆಳಂದ ಕಡೆಯ ಹಿರಿಯರೊಬ್ಬರು ಟವೆಲಿನಲ್ಲಿ ಸುತ್ತಿ ತಂದ ಗಿಡವನ್ನು ಮೇಜಿನ ಮೇಲಿಟ್ಟು, ‘ಗಿಡ ಹಸಿರ ಅದ ಸರ್, ಹೂವೇ ಇಲ್ರಿ. ನೀವು ಹೇಳಿದ ಮಾರುತಿನೇ ಹಾಕೀನಿ’ ಎಂದರು. ಎಲೆಗಳು ಚಿಕ್ಕದಾಗಿ, ತಿಳಿ ಮತ್ತು ಕಡು ಹಸಿರಿನ ಮಚ್ಚೆಗಳಿಂದ ಕೂಡಿ, ಗಿಡ ಪೊದೆಯಂತೆ ಒತ್ತಾಗಿತ್ತು. ಅದು ಗೊಡ್ಡು ರೋಗ. ಮಾರುತಿ ಎಂಬ ತೊಗರಿ ತಳಿ ತಡೆಯುವುದು ಗಿಡ ಬಾಡಿಸುವ ನೆಟೆ ರೋಗವನ್ನು. ನಾನು ಹೇಳಿದ್ದೂ ಅಷ್ಟೇ. ಆದರೆ ಆ ‘ಅಷ್ಟೇ’ಯನ್ನು ಒತ್ತಿ ಹೇಳಿರಲಿಲ್ಲವೇನೋ.

ಈಗ ಒತ್ತಿಯೇ ಹೇಳುತ್ತೇನೆ. ನೆಟೆ ರೋಗಕ್ಕೆ ಕಾರಣ ಮಣ್ಣಿನಲ್ಲಿ, ಹಿಂದಿನ ಬೆಳೆಯ ಕೂಳೆಯಲ್ಲಿ ವರ್ಷಗಟ್ಟಲೆ ಬದುಕುವ ಫ್ಯುಸೇರಿಯಂ ಎಂಬ ಶಿಲೀಂಧ್ರ; ಅದು ಬೇರಿನಿಂದ ಒಳಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟುವುದರಿಂದ ಹೂವು ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಬಾಡುತ್ತದೆ. ಗೊಡ್ಡು ರೋಗಕ್ಕೆ ಕಾರಣ ವೈರಸ್. ಬರಿಗಣ್ಣಿಗೆ ಕಾಣದ ನುಸಿ ಅದನ್ನು ಗಾಳಿಯ ಜೊತೆ ಹೊತ್ತು ತರುತ್ತದೆ. ಒಂದನ್ನು ತಡೆಯುವ ಗುಣ ಇನ್ನೊಂದನ್ನು ತಡೆಯುವ ಗುಣವಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಹುಡುಕಿ, ಬೇರೆ ಬೇರೆಯಾಗಿಯೇ ಪರೀಕ್ಷಿಸಿ ಒಂದೇ ತಳಿಗೆ ತರಬೇಕು.

ಪರೀಕ್ಷೆಯ ರೀತಿಯೂ ಬೇರೆಯೇ. ನೆಟೆಗಾಗಿ, ರೋಗವನ್ನು ಬೇಕೆಂದೇ ಸಾಕಿದ ಹೊಲದಲ್ಲಿ ಬಿತ್ತುತ್ತೇವೆ. ಗೊಡ್ಡು ರೋಗಕ್ಕಾದರೆ ನುಸಿಯಿರುವ ರೋಗದ ಎಲೆಯನ್ನು ಎಳೆ ಸಸಿಯ ಎಲೆಗೆ ಕಚೇರಿಯ ಸ್ಟೇಪ್ಲರ್‌ನಿಂದಲೇ ಪಿನ್ ಹೊಡೆಯುತ್ತೇವೆ. ಬಗ್ಗಿದ ಬೆನ್ನು ಸಂಜೆಯವರೆಗೆ ನೆಟ್ಟಗಾಗುವುದಿಲ್ಲ. ಆ ಪರೀಕ್ಷೆಯಲ್ಲಿ ರೋಗ ಬಂದೇ ಬರುತ್ತದೆ ಎಂಬ ಭರವಸೆಯಿಂದ ಹೋಲಿಕೆಗಾಗಿ ಬಿತ್ತುವ ಸಾಲು ಯಾವುದು ಗೊತ್ತೇ? ಇದೇ ಮಾರುತಿ, ನಮ್ಮ ಕಡತಗಳಲ್ಲಿ ಐಸಿಪಿ 8863. ಹಾಗೆಂದು ಅದು ಕೆಟ್ಟ ತಳಿಯಲ್ಲ. ನೆಟೆ ಕಾಡುವ ಎಷ್ಟೋ ಹೊಲಗಳನ್ನು ಅದು ಉಳಿಸಿದೆ.

1993ರಲ್ಲಿ ಬಿಡುಗಡೆಯಾದ ಆಶಾ ತಳಿ ಎರಡೂ ರೋಗಗಳನ್ನು ತಡೆಯುತ್ತದೆ. ಹಾಗಿದ್ದರೆ ಎಲ್ಲರೂ ಅದನ್ನೇ ಹಾಕಬಹುದಲ್ಲ ಎಂದರೆ, ಅದು ಹೊಲದಲ್ಲಿ ಹತ್ತಿರಹತ್ತಿರ ಆರು ತಿಂಗಳು ನಿಲ್ಲುವ ಬೆಳೆ. ಆಳವಾದ ಎರೆಭೂಮಿಯಲ್ಲಿ ಸೊಗಸಾಗಿ ಬರುತ್ತದೆ. ತೆಳು ಮಣ್ಣಿನಲ್ಲಿ ಮಳೆ ಬೇಗ ನಿಂತರೆ ಹಸಿ ಆರಿ ಕಾಯಿ ಜೊಳ್ಳಾಗುತ್ತದೆ, ರೋಗವಿಲ್ಲದ ಗಿಡದಿಂದಲೂ ಚೀಲ ತುಂಬುವುದಿಲ್ಲ. ವೈರಸ್ಸಿನಲ್ಲೂ ಬಗೆಗಳಿವೆ. ಬೆಂಗಳೂರು ಕಡೆಯದು ಹೆಚ್ಚು ಉಗ್ರವಾದ್ದರಿಂದ ಹೈದರಾಬಾದ್ ಬಳಿಯ ಪಟಾಂಚೆರುವಿನ ಪರೀಕ್ಷೆಯಲ್ಲಿ ಗೆದ್ದ ತಳಿ ಬೆಂಗಳೂರಿನಲ್ಲಿ ಸೋಲಬಹುದು.

ಇನ್ನು ನಿರೋಧಕ ಎಂದರೆ ಒಂದು ಗಿಡವೂ ಸಾಯದು ಎಂದಲ್ಲ. ರೋಗದ ಹೊಲದಲ್ಲಿ ನೂರಕ್ಕೆ ಹತ್ತರೊಳಗೆ ಗಿಡ ಸತ್ತರೂ ನಾವು ಅದನ್ನು ನಿರೋಧಕವೆಂದೇ ಬರೆಯುತ್ತೇವೆ. ಅದೂ ಬೀಜ ಶುದ್ಧವಾಗಿದ್ದರೆ. ತೊಗರಿಯ ಹೂವಿಗೆ ಜೇನುನೊಣ ಪಕ್ಕದ ಹೊಲದ ಪರಾಗವನ್ನೂ ತರುವುದರಿಂದ, ಮನೆಯ ಬೀಜವನ್ನೇ ಏಳೆಂಟು ವರ್ಷ ಬಿತ್ತಿದವರ ಮಾರುತಿಯಲ್ಲಿ ಮಾರುತಿ ಎಷ್ಟು ಉಳಿದಿದೆಯೆಂದು ನಾನು ಹೇಳಲಾರೆ.

ಆದ್ದರಿಂದ ಬೆಳೆ ಒಣಗತೊಡಗಿದಾಗಲೇ ಒಂದು ಗಿಡವನ್ನು ಬೇರು ಸಹಿತ ಕಿತ್ತು, ಕಾಂಡವನ್ನು ಸೀಳಿ ನೋಡಿ. ಒಳಗೆ ಕಪ್ಪು ಗೆರೆ ಉದ್ದಕ್ಕೂ ಏರಿದ್ದರೆ ಬಹುಮಟ್ಟಿಗೆ ಅದು ನೆಟೆ. ಗೆರೆಯಿಲ್ಲದೆ ಬೇರು ಕೊಳೆತು, ಮುಟ್ಟಿದರೆ ಲಟಕ್ಕನೆ ಮುರಿಯುತ್ತಿದ್ದರೆ ಒಣ ಬೇರು ಕೊಳೆ ರೋಗವಿರಬಹುದು, ಅದಕ್ಕೆ ನೆಟೆ ನಿರೋಧಕ ತಳಿ ಮದ್ದಲ್ಲ. ಅನುಮಾನವಿದ್ದರೆ ಗಿಡವನ್ನೇ ತನ್ನಿ, ಆಳಂದದ ಹಿರಿಯರಂತೆ ಟವೆಲಿನಲ್ಲಿ ಸುತ್ತಿ ತಂದರೂ ಸರಿ. ಮೊಬೈಲಿನ ಫೋಟೊದಲ್ಲಿ ಬೇರು ಕಾಣುವುದಿಲ್ಲ.